ಮಸಾಯ್ ಮಾರಾ: ಹಳ್ಳಿ ಭೇಟಿಯ ಹಣವನ್ನು ಚಾಲಕನ ಕೈಗೆ ಕೊಡಬೇಡಿ

ಕೀನ್ಯಾದ ಮಸಾಯ್ ಮಾರಾ ಅಭಯಾರಣ್ಯಕ್ಕೆ ಹೊರಟಿರುವವರು ಮುಂಗಡ ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ. ಕಾಡಿನ ಬಗ್ಗೆ ನನ್ನದು ಯಾವ ತಕರಾರೂ ಇಲ್ಲ. ಜುಲೈನಿಂದ ಅಕ್ಟೋಬರ್‌ವರೆಗೆ ಪಕ್ಕದ ತಾಂಜಾನಿಯಾದ ಸೆರೆಂಗೆಟಿಯಿಂದ ಬರುವ ಲಕ್ಷಾಂತರ ವಿಲ್ಡೆಬೀಸ್ಟ್‌ಗಳು (ದೊಡ್ಡ ಜಾತಿಯ ಹುಲ್ಲೆಗಳು) ಮಾರಾ ನದಿಗೆ ಧುಮುಕುವುದನ್ನು ಕಂಡವರು ಜನ್ಮದಲ್ಲಿ ಮರೆಯಲಾರರು. ನಮಗೆ ಮೋಸವಾದದ್ದು ಅಲ್ಲಿನ ಪಶುಪಾಲಕ ಮಸಾಯ್ ಜನರನ್ನು ಕಾಣಲು ಹೋದಾಗ.

‘ಮಸಾಯ್ ಹಳ್ಳಿ ಭೇಟಿಯೂ ಸೇರಿದೆ’ ಎಂದೇ ಪ್ರವಾಸದ ಏಜೆಂಟ್ ಹೇಳಿದ್ದರು. ಮುಳ್ಳುಬೇಲಿಯ ಬಳಿ ವಾಹನ ನಿಲ್ಲಿಸಿದ ಚಾಲಕ, ತಲೆಗೆ ಇಷ್ಟು ಡಾಲರ್ ಬೇರೆ ಕೊಡಬೇಕೆಂದು ಹಣವನ್ನು ತಾನೇ ಎಣಿಸಿಕೊಂಡ. ಶುಕಾ ಎಂಬ ಕೆಂಪು ಹೊದಿಕೆ ಹೊದ್ದ ಯುವಕರು ಒಂದು ಸುತ್ತು ಜಿಗಿದು ಕುಣಿದರು. ಬಳಿಕ ಒಬ್ಬ ಮಹಿಳೆ ತನ್ನ ಮನೆ ತೋರಿಸಿದರು. ಮಸಾಯ್ ಮನೆಗಳನ್ನು ಕಟ್ಟುವವರು ಹೆಂಗಸರೇ: ಕಡ್ಡಿಗಳ ಹಂದರಕ್ಕೆ ಮಣ್ಣು, ಸಗಣಿ ಮೆತ್ತಿದ ಗೋಡೆ, ಬಗ್ಗಿ ನುಸುಳುವ ಬಾಗಿಲು, ಅಂಗೈ ಅಗಲದ ಕಿಂಡಿ, ಒಲೆಯ ಪಕ್ಕದಲ್ಲೇ ಕರುವಿಗೊಂದು ಮೂಲೆ. ಆಕೆಯನ್ನು ಕೇಳಬೇಕೆಂದಿದ್ದ ಪ್ರಶ್ನೆಗಳು ಬಾಯಲ್ಲೇ ಉಳಿದವು. ನಮ್ಮನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಿ, ಮಣಿಸರ ಹರಡಿದ್ದ ಸಾಲಿಗೆ ಅವಸರದಿಂದ ಕರೆದೊಯ್ದರು. ಜೊತೆಯವರು ಕಣ್ಣಿಗೆ ಬೀಳದಂತಾದ ಮೇಲೆ ಬೆಲೆಯ ಮಾತು ಶುರುವಾಯಿತು, ಬೇಡವೆಂದರೂ ಬಿಡಲಿಲ್ಲ.

ಆದರೂ ಆ ಊರಿನವರ ಮೇಲೆ ನನಗೆ ಸಿಟ್ಟಿಲ್ಲ. ನಾವು ಕೊಟ್ಟ ಹಣದಲ್ಲಿ ನಿಮಗೆಷ್ಟು ಎಂದು ಇಂಗ್ಲಿಷ್ ಬಲ್ಲ ಹುಡುಗನೊಬ್ಬನನ್ನು ಕೇಳಿದೆ. ಆತ ಹೇಳಿದ್ದು ಕಾಲು ಭಾಗಕ್ಕಿಂತ ಕಡಿಮೆ. ಮಿಕ್ಕಿದ್ದನ್ನು ಮಣಿ ಮಾರಿಯೇ ದುಡಿಯಬೇಕಲ್ಲವೇ? ಚಾಲಕನನ್ನು ಕೇಳಿದರೆ, ‘ಇಲ್ಲಿ ನಡೆಯುವುದೇ ಹೀಗೆ’ ಎಂದು ಗಾಡಿ ಹತ್ತಿದ.

ಹಾಗಾಗಿ ಭೇಟಿಯ ಶುಲ್ಕ ಎಷ್ಟು, ಯಾರ ಕೈಗೆ ಸೇರುತ್ತದೆ ಎಂಬುದನ್ನು ಹೊರಡುವ ಮೊದಲೇ ಬರಹದಲ್ಲಿ ಪಡೆಯಿರಿ. ಊರಿನ ಹಿರಿಯರಿಗೆ ನೀವೇ ಕೊಡಿ. ಅಭಯಾರಣ್ಯದ ಪ್ರವೇಶ ಶುಲ್ಕವನ್ನೂ ಬಿಡಿಸಿ ಕೇಳಿ: 2024ರ ದರಪಟ್ಟಿಯಂತೆ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200. ಮೊದಲ ದರ ತೋರಿಸಿ ಆಗಸ್ಟ್ ಪ್ರವಾಸ ಮಾರುವವರನ್ನು ನಂಬಬೇಡಿ.

ಮಸಾಯ್ ಬದುಕನ್ನು ನಿಜಕ್ಕೂ ತಿಳಿಯಬೇಕೆಂದರೆ, ಅಭಯಾರಣ್ಯಕ್ಕೆ ಹೊಂದಿಕೊಂಡಿರುವ ಸಮುದಾಯ ಸಂರಕ್ಷಣಾ ವಲಯಗಳನ್ನು ವಿಚಾರಿಸಿ. 2010ರಲ್ಲಿ ಆರಂಭವಾದ ಮಾರಾ ನಬೋಯಿಶೋ ಎಂಬ ಅಂಥ ವಲಯದಲ್ಲಿ 500ಕ್ಕೂ ಹೆಚ್ಚು ಮಸಾಯ್ ಭೂಮಾಲೀಕರು ತಮ್ಮ ನೆಲವನ್ನು ಗುತ್ತಿಗೆಗೆ ಕೊಟ್ಟಿದ್ದಾರೆ; ಪ್ರವಾಸಿಗರಿಂದ ಬರುವ ಹಣದಲ್ಲಿ ಆ ಗುತ್ತಿಗೆಯ ಬಾಡಿಗೆ ಅವರಿಗೆ ಸಲ್ಲುತ್ತದೆ. ಖರ್ಚು ಹೆಚ್ಚು, ನಿಜ. ಒಂದು ರಾತ್ರಿ ಕಡಿಮೆ ಮಾಡಿಯಾದರೂ ಅಲ್ಲೇ ತಂಗಿ.