ಮೂರು ರೀತಿಯಲ್ಲಿ ಪೋಸ್ಟ್ ಹಾಕಿ ನೋಡಿದೆ

ಕನ್ನಡ ಬರಹ ತಿದ್ದುವ ಒಂದು ಸಣ್ಣ ಓಪನ್ ಸೋರ್ಸ್ ಟೂಲ್ ನನ್ನದುಂಟು. ಅನುಸ್ವಾರ ಇರಬೇಕಾದಲ್ಲಿ ಅದರಂತೆಯೇ ಕಾಣುವ ಕನ್ನಡ ಅಂಕಿ ಸೊನ್ನೆ (೦) ಟೈಪ್ ಆಗಿದ್ದರೆ ಹುಡುಕಿ ಸರಿ ಮಾಡುತ್ತದೆ. ಕೋಡ್ ಬರೆಯುವುದು ನನಗೆ ಖುಷಿ. ಅದರ ಬಗ್ಗೆ ನಾಲ್ಕು ಜನಕ್ಕೆ ಹೇಳಲು ಮಾತ್ರ ಸಮಯ ಸಿಗುವುದಿಲ್ಲ. ಮಂಗಳೂರಿನ ಕೊಟ್ಟಾರದಲ್ಲಿ ಆಫೀಸು ಮುಗಿಸಿ, ಬಸ್ಸು ಹಿಡಿದು ಸುರತ್ಕಲ್ ಮನೆ ಸೇರುವಾಗ ರಾತ್ರಿ ಎಂಟು. ಹಾಗಾಗಿ ಪೋಸ್ಟ್ ಹಾಕುವ ಕೆಲಸವನ್ನು ಮೆಷಿನ್‌ಗೆ ಬಿಡುವ ಮೂರು ದಾರಿ ನೋಡಿದೆ, ಒಂದೊಂದು ತಿಂಗಳು.

ಮೊದಲನೆಯದು ಗಿಟ್‌ಹಬ್ ಆ್ಯಕ್ಷನ್ಸ್. ಕೋಡ್ ಇಡುವ ಗಿಟ್‌ಹಬ್ ತಾಣದಲ್ಲೇ ಕೆಲಸಗಳನ್ನು ತಾನಾಗಿ ನಡೆಸುವ ಸೌಲಭ್ಯ ಇದು. ಟೂಲಿನ ಹೊಸ ಆವೃತ್ತಿ (ರಿಲೀಸ್) ಬಿಟ್ಟ ಕೂಡಲೇ ಮಾಸ್ಟೊಡಾನ್‌ಗೂ ಬ್ಲೂಸ್ಕೈಗೂ (ಎರಡೂ ಸಣ್ಣ ಪೋಸ್ಟ್ ಹಾಕುವ ಸೋಶಿಯಲ್ ಮೀಡಿಯಾ ತಾಣಗಳು) ಒಂದು ಸಾಲು ತಾನಾಗಿಯೇ ಹೋಗುತ್ತದೆ. ಆವೃತ್ತಿ ಸಂಖ್ಯೆ, ಲಿಂಕ್, ಅಷ್ಟೇ. ಸಮಯ ಇಟ್ಟು ಕಳಿಸುವುದಾದರೆ ಒಂದು ವಿಷಯ ನೆನಪಿಡಿ: ಬೇರೇನೂ ಹೇಳದಿದ್ದರೆ ಅದರ ಗಡಿಯಾರ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ನಮ್ಮ ಬೆಳಿಗ್ಗೆ 9 ಗಂಟೆ ಎಂದರೆ ಅಲ್ಲಿ 3.30. ಕೆಲಸ ಅಚ್ಚುಕಟ್ಟು. ಆದರೆ ಆ ಸಾಲಿಗೆ ಒಬ್ಬರೂ ಉತ್ತರ ಬರೆಯಲಿಲ್ಲ. ಬರೆಯುವುದಕ್ಕೆ ಅದರಲ್ಲಿ ಎಂತ ಇತ್ತು?

ಎರಡನೆಯದು ಎಐ. ಕೋಡ್ ಬದಲಿಸಿದಾಗ ನಾನು ಬರೆದಿಡುವ ಟಿಪ್ಪಣಿ (ಕಮಿಟ್ ಸಂದೇಶ) ಓದಿ ಪೋಸ್ಟನ್ನು ತಾನೇ ಬರೆಯುತ್ತದೆ, ವಾರದ್ದೆಲ್ಲ ಒಟ್ಟಿಗೆ ಕ್ಯೂಗೆ ಹಾಕುತ್ತದೆ. ‘ಸೊನ್ನೆ ತಿದ್ದುವಾಗ ಫೋನ್ ನಂಬರ್ ಕೆಡುತ್ತಿತ್ತು, ಸರಿ ಮಾಡಿದೆ’ ಎಂದು ನಾನು ಬರೆದಿದ್ದೆ. ಅದು ‘ಕನ್ನಡ ತಂತ್ರಜ್ಞಾನದಲ್ಲಿ ಕ್ರಾಂತಿಕಾರಿ ಹೆಜ್ಜೆ’ ಎಂದು ಶುರು ಮಾಡಿ ಮೂರು ರಾಕೆಟ್ ಚಿತ್ರ ಅಂಟಿಸಿತು. ಫೋನ್ ನಂಬರ್ ಸುದ್ದಿಯೇ ಇಲ್ಲ. ಆ ತಪ್ಪು ತೋರಿಸಿಕೊಟ್ಟಿದ್ದ ಕುಂದಾಪುರದ ಮೇಷ್ಟ್ರು ಕೇಳಿದರು: “ಇದು ನೀವೇ ಬರೆದದ್ದಾ ಮಾರಾಯ್ರೆ? ನಾನು ಹೇಳಿದ್ದು ಸರಿಯಾಯ್ತಾ ಇಲ್ವಾ ಅಂತಲೇ ಗೊತ್ತಾಗುವುದಿಲ್ಲ.” ನನಗೆ ತುಂಬಾ ಬೇಜಾರಾಯಿತು. ಅವರು ಸಮಯ ಕೊಟ್ಟು ಹುಡುಕಿದ ತಪ್ಪು ಅದು. ಇನ್ನೊಂದು ದಿನ ಜೋರು ಮಳೆ, ಶಾಲೆಗಳಿಗೆ ರಜೆ, ನಮ್ಮ ಕಡೆ ತಗ್ಗಿನ ಮನೆಗಳಿಗೆ ನೀರು ನುಗ್ಗಿತ್ತು. ಆ ಬೆಳಿಗ್ಗೆಯೂ ಕ್ಯೂನಿಂದ ‘ಶುಭ ಸೋಮವಾರ!’ ಹೋಯಿತು. ನೋಡಿದ ಕೂಡಲೇ ಅಳಿಸಿ, ಕ್ಯೂ ನಿಲ್ಲಿಸಿದೆ.

ಮೂರನೆಯದರಲ್ಲಿ ಬರೆಯುವವನು ನಾನು, ಕಳಿಸುವುದು ಮೆಷಿನ್. ಶುಕ್ರವಾರ ರಾತ್ರಿ ಅರ್ಧ ಗಂಟೆ ಕೂತು ಮೂರು ಪೋಸ್ಟ್ ಬರೆದು, ಹೇಳಿದ ಸಮಯಕ್ಕೆ ಕಳಿಸುವ ಆ್ಯಪ್ ಆದ ಬಫರ್‌ನಲ್ಲಿ ಇಡುತ್ತೇನೆ. ಬ್ಲೂಸ್ಕೈಯಲ್ಲಿ 300 ಅಕ್ಷರದ ಮಿತಿ, ಮಾಸ್ಟೊಡಾನ್‌ನಲ್ಲಿ ಸಾಮಾನ್ಯವಾಗಿ 500. ಆದ್ದರಿಂದ ಒಂದೇ ವಿಷಯವನ್ನು ಎರಡು ಸಲ ಬರೆಯಬೇಕು. ಎರಡನೇ ಸಲ ಬರೆಯುವಾಗಲೇ ಮಾತು ಸರಿಯಾಗಿ ಕೂರುವುದು, ನಿಜಕ್ಕೂ. ಮೊದಲ ವಾರ ಹೀಗೆ ಬರೆದೆ: “‘ಮಂಗಳೂರು’ ಟೈಪ್ ಮಾಡುವಾಗ ಮ ಪಕ್ಕ ಅನುಸ್ವಾರದ ಬದಲು ಸೊನ್ನೆ ಬಿದ್ದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಫೈಲಿನಲ್ಲಿ ಹುಡುಕಿದರೆ ಊರೇ ಸಿಗುವುದಿಲ್ಲ.” ಸಂಜೆಯೊಳಗೆ ಉಡುಪಿಯ ಒಬ್ಬರು ತಮ್ಮ ಹಳೆಯ ಫೈಲುಗಳಲ್ಲಿ ಸಿಕ್ಕ ಇಂಥ ಪದಗಳ ಪಟ್ಟಿಯನ್ನೇ ಕಳಿಸಿದರು.

ಅರ್ಧ ಗಂಟೆ ಜಾಸ್ತಿ ಹೋಗುತ್ತದೆ, ಹೌದು. ಆದರೂ ನನ್ನ ಆಯ್ಕೆ ಇದೇ. ಮೊದಲನೆಯದನ್ನು ಪೂರ್ತಿ ಬಿಟ್ಟಿಲ್ಲ. ರಿಲೀಸ್ ಸಾಲುಗಳು ಈಗ ಮಾಸ್ಟೊಡಾನ್‌ನ ಬೇರೆ ಖಾತೆಯಿಂದ ಹೋಗುತ್ತವೆ. ಅದನ್ನು ನಡೆಸುವುದು ಬಾಟ್ (ತಾನಾಗಿ ನಡೆಯುವ ಪ್ರೋಗ್ರಾಂ) ಎಂದು ಪ್ರೊಫೈಲ್‌ನಲ್ಲೇ ಗುರುತು ಹಾಕಿದ್ದೇನೆ. ಎಐಗೆ ಈಗ ಕಾಗುಣಿತ ನೋಡುವ ಕೆಲಸ ಮಾತ್ರ. ಉತ್ತರ ಬರೆಯುವುದನ್ನು ಯಾವುದಕ್ಕೂ ಬಿಡುವುದಿಲ್ಲ, ಬಸ್ಸಿನಲ್ಲಿ ಕೂತು ನಾನೇ ಬರೆಯುತ್ತೇನೆ. ಮೇಷ್ಟ್ರಿಗೆ ಬರೆದದ್ದು ಕೂಳೂರು ಸೇತುವೆ ದಾಟುವಾಗ: “ಫೋನ್ ನಂಬರ್ ಇನ್ನು ಕೆಡುವುದಿಲ್ಲ ಸರ್. ನೀವು ಹೇಳಿದ್ದರಿಂದ ಗೊತ್ತಾಯ್ತು.”