ಕೆಬೆಕ್‌ನ ಅಜ್ಜ, ಡಂಡೀಯ ಅಜ್ಜಿ: ವಂಶ ಹುಡುಕಲು ಯಾವ ತಾಣ ಒಳ್ಳೆಯದು?

ನನ್ನ ಆಯ್ಕೆ ಮೊದಲೇ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡ್ ಕಡೆಯವರಿಗೆ ಸ್ಕಾಟ್ಲೆಂಡ್ಸ್‌ಪೀಪಲ್, ಫ್ರೆಂಚ್ ಕೆನಡಾ ಕಡೆಯವರಿಗೆ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಹಳೇ ಚರ್ಚ್ ದಾಖಲೆಗಳ ತಾಣ ಪಿಆರ್‌ಡಿಎಚ್. ಜಗತ್ತಿನ ದಾಖಲೆಯೆಲ್ಲ ಒಂದೇ ಕಡೆ ಕೊಡುತ್ತೇವೆಂದು ವರ್ಷದ ಚಂದಾ ಕೇಳುವ ದೊಡ್ಡ ತಾಣ ನಮ್ಮಂಥ ಮನೆಗೆ ಬೇಡ. ಆ ಚಂದಾ ಕಟ್ಟಿ, ಬಳಸಿ ನೋಡಿಯೇ ಹೇಳುತ್ತಿದ್ದೇನೆ.

ನನ್ನ ಹೆಂಡತಿ ಮಾಂಟ್ರಿಯಲ್‌ನವಳು. ಅವಳ ಅಪ್ಪನ ಕಡೆಯವರು ಕೆನಡಾದ ಫ್ರೆಂಚ್ ಪ್ರಾಂತ್ಯ ಕೆಬೆಕ್‌ನಲ್ಲಿ ಸೇಂಟ್ ಲಾರೆನ್ಸ್ ನದಿ ದಂಡೆಯ ರೈತರು, ಅಮ್ಮನ ಕಡೆಯವರು ಸ್ಕಾಟ್ಲೆಂಡಿನ ಡಂಡೀಯ ಸೆಣಬಿನ ಗಿರಣಿಗಳಲ್ಲಿ ದುಡಿದವರು. ನಮ್ಮ ಮನೆದೇವರು, ಮೂಲ ಊರು ಎಲ್ಲ ಮಗಳಿಗೆ ಗೊತ್ತು. ಅವಳಮ್ಮನ ಕಡೆಯದೂ ಅಷ್ಟೇ ಚೆನ್ನಾಗಿ ಗೊತ್ತಿರಬೇಕು ಅನ್ನುವುದು ನನ್ನಾಸೆ.

ದೊಡ್ಡ ತಾಣದಲ್ಲಿ ನಮ್ಮನ್ನು ಸುಸ್ತು ಮಾಡಿದ್ದು ಜೋಡಿ ಅಡ್ಡಹೆಸರು. ಕೆಬೆಕ್‌ನ ಹಳೇ ಕುಟುಂಬಗಳಲ್ಲಿ 'ರುವಾ ದಿ ದೆಜಾರ್ದಾಂ', 'ಉದೋಂ ದಿ ಬೋಲ್ಯೂ' ಎಂಬಂಥ ಹೆಸರುಗಳು ಸಾಮಾನ್ಯ; 'ದಿ' ಅಂದರೆ 'ಅಲಿಯಾಸ್' ಇದ್ದ ಹಾಗೆ. ಒಬ್ಬನೇ ಮನುಷ್ಯ ದೀಕ್ಷಾಸ್ನಾನದ ದಿನ ಉದೋಂ, ಮದುವೆಯ ದಿನ ಬೋಲ್ಯೂ. ಅಣ್ಣನ ಮಕ್ಕಳು ಒಂದು ಹೆಸರು ಹಿಡಿದರೆ ತಮ್ಮನ ಮಕ್ಕಳು ಇನ್ನೊಂದು. ಆ ತಾಣದ ಸೂಚಿಯಲ್ಲಿ ಎರಡರಲ್ಲಿ ಒಂದೇ ಹೆಸರು ಇರುತ್ತಿತ್ತು, ಅದೂ ಕೆಲವು ಸಲ ತಪ್ಪಾಗಿ. ಒಂದೇ ಮನೆಯ ಅರ್ಧ ಮಕ್ಕಳು ಸಿಗುತ್ತಲೇ ಇರಲಿಲ್ಲ.

ಅದರ ಮೇಲೆ ಬೇರೆ ಸದಸ್ಯರ ವಂಶವೃಕ್ಷಗಳು. ಯಾರೋ ಒಬ್ಬರು ಎರಡು ಹೆಸರಿನ ಒಬ್ಬನನ್ನು ಇಬ್ಬರನ್ನಾಗಿ ಮಾಡಿದ್ದರು. ಉಳಿದವರೆಲ್ಲ ಅದನ್ನೇ ನಕಲು ಮಾಡಿಕೊಂಡಿದ್ದರು. 'ಇವರು ನಿಮ್ಮ ಪೂರ್ವಜರಿರಬಹುದು' ಎಂದು ತಾಣವೂ ದಿನಾ ಅದನ್ನೇ ಮುಂದಿಡುತ್ತಿತ್ತು. ದೂರು ಕೊಟ್ಟರೆ, ಒಂದೊಂದು ದಾಖಲೆಗೂ ನೀವೇ ತಿದ್ದುಪಡಿ ಕಳಿಸಿ ಎಂಬ ಉತ್ತರ. ದುಡ್ಡು ಕೊಟ್ಟವರು ನಾವು, ದುಡಿಯಬೇಕಾದವರೂ ನಾವೇ!

ಪಿಆರ್‌ಡಿಎಚ್‌ನಲ್ಲಿ ಈ ಕೆಲಸ ಆಗಲೇ ಮುಗಿದಿದೆ. 1966ರಲ್ಲಿ ಶುರುವಾದ ಈ ಯೋಜನೆಯ ಸಂಶೋಧಕರು 1621ರಿಂದೀಚಿನ ಚರ್ಚ್ ದಾಖಲೆಗಳನ್ನು ಓದಿ, ಒಬ್ಬೊಬ್ಬರನ್ನೂ ಅವರವರ ಕುಟುಂಬಕ್ಕೆ ಜೋಡಿಸಿದ್ದಾರೆ. ಒಂದು ಪುಟ ತೆರೆದರೆ ಗಂಡ, ಹೆಂಡತಿ, ಇಬ್ಬರ ತಂದೆತಾಯಿ, ಮಕ್ಕಳೆಲ್ಲ ಸಾಲಾಗಿ ಸಿಗುತ್ತಾರೆ. ಹೆಸರನ್ನು ಪಾದ್ರಿ ಹೇಗೇ ಬರೆದಿರಲಿ, ಒಂದೇ ಪ್ರಮಾಣರೂಪದಡಿ ಬರುತ್ತದೆ. ಹೆಣ್ಣುಮಕ್ಕಳನ್ನು ಕೊನೆಯವರೆಗೂ ತವರಿನ ಹೆಸರಿನಲ್ಲೇ ದಾಖಲಿಸಿರುವುದರಿಂದ ತಾಯಿಯ ತಾಯಿ, ಅವಳ ತಾಯಿ ಎಂದು ಹತ್ತುತ್ತ ಹೋಗಬಹುದು. ಹಾಗೆ ಹತ್ತಿ ನಾವು 1663ರಿಂದ 1673ರ ನಡುವೆ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಖರ್ಚು ಕೊಟ್ಟು ಅಲ್ಲಿನ ವಲಸಿಗರನ್ನು ಮದುವೆಯಾಗಲೆಂದು ಕಳಿಸಿದ ಸುಮಾರು 800 ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಮುಟ್ಟಿದೆವು. ಅವಳ ಮದುವೆ ದಾಖಲೆಯ ಕೊನೆಯಲ್ಲಿ, ವಧುವಿಗೆ ಸಹಿ ಮಾಡಲು ಬರುವುದಿಲ್ಲ ಎಂದು ಪಾದ್ರಿ ಬರೆದಿದ್ದಾರೆ.

ಮೂಲ ಪುಟಗಳ ಚಿತ್ರ ಬೇಕಿದ್ದರೆ ಫ್ಯಾಮಿಲಿಸರ್ಚ್‌ನಲ್ಲಿ ಪುಕ್ಕಟೆ. ತಾಳ್ಮೆ ಬೇಕು, ಅಷ್ಟೇ.

ಸ್ಕಾಟ್ಲೆಂಡ್ಸ್‌ಪೀಪಲ್ ಅಲ್ಲಿನ ಸರ್ಕಾರದ್ದೇ ತಾಣ. ಹುಡುಕಾಟ ಉಚಿತ, ದಾಖಲೆಯ ಚಿತ್ರಕ್ಕೆ ಕ್ರೆಡಿಟ್, ಅಂದರೆ ಮೊದಲೇ ದುಡ್ಡು ಕೊಟ್ಟು ಕೊಂಡ ಅಂಕ, ಖರ್ಚಾಗುತ್ತದೆ. ಕಡ್ಡಾಯ ನೋಂದಣಿ ಶುರುವಾದ 1855ರ ದಾಖಲೆ ಸಿಕ್ಕರೆ ನಿಮ್ಮ ಅದೃಷ್ಟ: ಮಗುವಿನ ಜನನ ಪತ್ರದಲ್ಲೇ ತಂದೆತಾಯಿಯ ವಯಸ್ಸು, ಹುಟ್ಟೂರು, ಮದುವೆಯಾದ ಊರು, ಹಿಂದಿನ ಮಕ್ಕಳ ವಿವರ ಎಲ್ಲ ಇರುತ್ತದೆ. ಮರುವರ್ಷವೇ ಇದರಲ್ಲಿ ಬಹಳಷ್ಟನ್ನು ಕೈಬಿಟ್ಟರು. ತೊಂದರೆ ಏನೆಂದರೆ, ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿಯಿಂದ ಒಂದೇ ಊರಿನಲ್ಲಿ ಹತ್ತಾರು ಜಾನ್ ರಾಬರ್ಟ್‌ಸನ್‌ಗಳು. ತಪ್ಪು ಜಾನ್‌ನ ಪುಟ ತೆರೆದರೂ ಕ್ರೆಡಿಟ್ ಹೋಗುತ್ತದೆ. 1855ಕ್ಕಿಂತ ಹಿಂದಕ್ಕೆ ಚರ್ಚ್ ದಾಖಲೆಗಳೇ ಗತಿ, ಅವುಗಳಲ್ಲಿ ಬಿಟ್ಟುಹೋದವರು ಬಹಳ.

ಎರಡೂ ಕಡೆಯ ರಕ್ತ ಸೇರಿದ ಮನೆತನಗಳೂ ಇವೆ. 1763ರಲ್ಲಿ ಬ್ರಿಟಿಷ್ ಸೈನ್ಯದ ಸ್ಕಾಟಿಷ್ ಪಡೆ ಫ್ರೇಸರ್ ಹೈಲ್ಯಾಂಡರ್ಸ್ ವಿಸರ್ಜನೆಯಾದಾಗ ಕೆಲವು ಸೈನಿಕರು ಕೆಬೆಕ್‌ನಲ್ಲೇ ಉಳಿದು ಫ್ರೆಂಚ್ ಹುಡುಗಿಯರನ್ನು ಮದುವೆಯಾದರು. ಅಂಥವರನ್ನು ಹುಡುಕುವವರು ಸ್ಕಾಟ್ಲೆಂಡ್‌ನಿಂದ ಶುರುಮಾಡಬೇಡಿ, ಕೆಬೆಕ್‌ನ ಮದುವೆ ದಾಖಲೆಯಿಂದ ಶುರುಮಾಡಿ.

ನಾನು ಕೂರುವುದು ಭಾನುವಾರ ರಾತ್ರಿ, ನೋಡುವುದು ನಾಲ್ಕಾರು ದಾಖಲೆ. ನೋಡಿದಷ್ಟಕ್ಕೆ ಕಾಸು ಕೊಡುವುದು ನನಗೆ ಸರಿ. ದಿನಾ ಕೂರುವವರು, ಐದಾರು ದೇಶಗಳಲ್ಲಿ ಬೇರಿರುವವರು ಚಂದಾ ಕಟ್ಟಲಿ. ಆದರೆ ಸ್ವಯಂಚಾಲಿತ ನವೀಕರಣವನ್ನು ಮೊದಲ ದಿನವೇ ನಿಲ್ಲಿಸಿಬಿಡಿ.