ತಾಲೂಕಾಸ್ಪತ್ರೆಲಿ ಹಾವು ಕಡಿತಕ್ಕೆ ಕೊಡೋ ಎಎಸ್‌ವಿ: ಸೇವೆಗೆ ನಾಲ್ಕೂವರೆ ಸ್ಟಾರ್, ಔಷಧಿಗೆ ಮೂರೇ

ಶಿರಾ, ಪಾವಗಡ, ಮಧುಗಿರಿ ಕಡೆ ಕಡ್ಲೆಕಾಯಿ ಹೊಲದಲ್ಲಿ ದುಡಿಯೋರ ಮನೆಯವ್ರು ಇದನ್ನ ಓದ್ಲೇಬೇಕು. ವಿಷದ ಹಾವು ಕಚ್ಚಿದ್ರೆ ವಿಷ ಇಳಿಸೋಕೆ ಇರೋ ಮದ್ದು ಎಎಸ್‌ವಿ ಒಂದೇ, ಅದು ಸರ್ಕಾರಿ ಆಸ್ಪತ್ರೆಲಿ ಫ್ರೀ. ಹೋದ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನಿಗೆ ಕಳೆ ಕೀಳುವಾಗ ಕೊಳಕುಮಂಡಲ ಕಚ್ತು, ಮೊದ್ಲು ಹೋದ ಕಡೆ ಸ್ಟಾಕ್ ಇಲ್ಲ ಅಂದ್ರು, ಅಲ್ಲಿಂದ ತಾಲೂಕಾಸ್ಪತ್ರೆಗೆ ಬಂದ್ವಿ.

ಇಲ್ಲಿ ಒಂದು ನಿಮಿಷಾನೂ ವೇಸ್ಟ್ ಮಾಡ್ಲಿಲ್ಲ. ನರ್ಸಮ್ಮ ಸ್ವಲ್ಪ ರಕ್ತ ತೆಗ್ದು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ ಟೇಬಲ್ ಮೇಲೆ ನಿಲ್ಸಿ, ಇಪ್ಪತ್ತು ನಿಮಿಷ ಯಾರೂ ಮುಟ್ಬೇಡಿ ಅಂದ್ರು. ಆಮೇಲೆ ಬಗ್ಗಿಸಿದ್ರೆ ರಕ್ತ ಹೆಪ್ಪೇ ಗಟ್ಟಿಲ್ಲ, ಹಂಗೇ ಹರೀತಿದೆ, ಅಂದ್ರೆ ವಿಷ ರಕ್ತಕ್ಕೆ ಸೇರಿದೆ ಅಂತ. ತಕ್ಷಣ ಎಎಸ್‌ವಿ ಹತ್ತು ವಯಲ್ (ಸಣ್ಣ ಗಾಜಿನ ಬಾಟ್ಲಿ) ತೆಗೆದ್ರು, ಒಳಗೆ ಪೌಡರ್ ಇರುತ್ತೆ, ಅದಕ್ಕೆ ನೀರು ಸೇರಿಸಿ ಜೋರಾಗಿ ಅಲ್ಲಾಡಿಸಿದ್ರೆ ನೊರೆ ಬರುತ್ತೆ ಅಂತ ಒಂದೊಂದನ್ನೂ ಅಂಗೈಲಿ ನಿಧಾನಕ್ಕೆ ಹೊರಳಿಸಿ ಕರಗಿಸಿ ಸಲೈನ್‌ಗೆ ಸೇರಿಸಿದ್ರು. ಮದ್ದು ಮೈಗೆ ಒಗ್ಗದೆ ಅಲರ್ಜಿ ಆದ್ರೆ ಕೊಡೋ ಅಡ್ರಿನಲಿನ್ ಸಿರಿಂಜ್ ಪಕ್ಕದಲ್ಲೇ ರೆಡಿ ಇಟ್ಕೊಂಡಿದ್ರು, ಅದು ಬೇಕಾಯ್ತು ಕೂಡ, ಮಧ್ಯದಲ್ಲಿ ಚಿಕ್ಕಪ್ಪನಿಗೆ ಮೈಯೆಲ್ಲ ದದ್ದು ಎದ್ದು ನಡುಕ ಬಂತು, ಡ್ರಿಪ್ ನಿಲ್ಸಿ ಆ ಇಂಜೆಕ್ಷನ್ ಕೊಟ್ಟು ಮತ್ತೆ ಶುರು ಮಾಡಿದ್ರು. ಆರು ಗಂಟೆ ಬಿಟ್ಟು ಅದೇ ಟ್ಯೂಬ್ ಟೆಸ್ಟ್ ಇನ್ನೊಂದ್ಸಲ. ಬಿಲ್ ಇಲ್ಲ, ಚಿಕ್ಕಪ್ಪ ನಡ್ಕೊಂಡು ಮನೆಗೆ ಬಂದ್ರು. ಕುಡಿಯೋ ನೀರು ಮಾತ್ರ ಹೊರಗಿಂದ ತರಬೇಕು, ಅದಕ್ಕೇ ಅರ್ಧ ಸ್ಟಾರ್ ಕಮ್ಮಿ.

ಇನ್ನು ಔಷಧಿಗೆ ಯಾಕೆ ಮೂರು ಅಂದ್ರೆ, ಕುದುರೆಗೆ ವಿಷ ಚುಚ್ಚಿ ಅದರ ರಕ್ತದಿಂದ ಮದ್ದು ತೆಗೆಯೋ ಈ ಪದ್ಧತಿ 1890ರ ದಶಕದ್ದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೆ ಅಂತ ಮಾಡಿರೋದು. ಅದಕ್ಕೆ ಬೇಕಾದ ವಿಷ ಬಹುಪಾಲು ತಮಿಳುನಾಡಿನ ಇರುಳರ (ಹಾವು ಹಿಡಿಯೋ ಬುಡಕಟ್ಟಿನವ್ರು) ಸಹಕಾರ ಸಂಘದಿಂದ ಬರುತ್ತೆ, ಆದ್ರೆ ಒಂದೇ ಜಾತಿ ಹಾವಿನ ವಿಷ ಊರಿಂದೂರಿಗೆ ಬದಲಾಗುತ್ತೆ ಅಂತ ಬೆಂಗಳೂರಿನ ಐಐಎಸ್‌ಸಿಲಿ ಕಾರ್ತಿಕ್ ಸುಣಗಾರ್ ಅವರ ತಂಡ ತೋರಿಸಿದೆ, ಹಂಗಾಗಿ ಅಲ್ಲಿನ ವಿಷದಿಂದ ಮಾಡಿದ ಮದ್ದು ಎಲ್ಲ ಕಡೆ ಒಂದೇ ಥರ ಕೆಲಸ ಮಾಡಲ್ಲ. ಇನ್ನೂ ಒಳ್ಳೆ ಮದ್ದು ಬರಬೇಕು ಕಣ್ರೀ.

ಬರ್ತಿಲ್ಲ ಯಾಕೆ? ಕಚ್ಚಿಸ್ಕೊಳ್ಳೋರು ರೈತರು, ಕೂಲಿಯವ್ರು, ಕಂಪನಿಗಳಿಗೆ ಲಾಭ ಇಲ್ಲ. 2000ದಿಂದ 2019ರವರೆಗೆ ಇಂಡಿಯಾದಲ್ಲಿ ಹಾವು ಕಡಿತಕ್ಕೆ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಅಂತ ಅಂದಾಜು, ಆದ್ರೂ ಡಬ್ಲ್ಯೂಎಚ್‌ಒ ಇದನ್ನ ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಲಿ ಗಟ್ಟಿಯಾಗಿ ಸೇರಿಸಿದ್ದು 2017ರಲ್ಲಿ. ಇಂಥ ಕಾಯಿಲೆಗಳಿಗೆ ಮದ್ದು ಬರ್ಲಿ ಅಂತ ಅಮೆರಿಕ 2007ರಲ್ಲಿ ಒಂದು ವೋಚರ್ ಸ್ಕೀಮ್ ತಂತು. ಪಟ್ಟಿಲಿರೋ ಕಾಯಿಲೆಗೆ ಮದ್ದು ತಂದು ಅಪ್ರೂವಲ್ ತಗೊಂಡ ಕಂಪನಿಗೆ ಒಂದು ವೋಚರ್ ಸಿಗುತ್ತೆ, ಅದನ್ನ ಬೇರೆ ಯಾವ್ದೋ ಔಷಧಿಗೆ ಬಳಸಿ ಸರ್ಕಾರದ ಹತ್ತು ತಿಂಗಳ ಪರಿಶೀಲನೆ ಆರು ತಿಂಗಳಲ್ಲಿ ಮುಗಿಸ್ಕೊಬಹುದು, ಬೇಡ ಅಂದ್ರೆ ಮಾರಬಹುದು. ನೈಟ್ ಅನ್ನೋ ಕಂಪನಿ ಕಾಲಾ ಅಜಾರ್ ಥರದ ಲೀಶ್ಮೇನಿಯಾ ಕಾಯಿಲೆಗೆ ಕೊಡೋ ಮಿಲ್ಟೆಫೊಸಿನ್ ಅನ್ನೋ ಮಾತ್ರೆಗೆ 2014ರಲ್ಲಿ ಅಲ್ಲಿ ಅಪ್ರೂವಲ್ ತಗೊಂಡು ವೋಚರನ್ನ ಗಿಲಿಯಡ್ ಅನ್ನೋ ಇನ್ನೊಂದು ಔಷಧಿ ಕಂಪನಿಗೆ ಹನ್ನೆರಡೂವರೆ ಕೋಟಿ ಡಾಲರ್‌ಗೆ ಮಾರ್ತು. ಆ ಮಾತ್ರೆಗೆ ನಮ್ಮ ದೇಶದಲ್ಲಿ 2002ರಲ್ಲೇ ಅನುಮತಿ ಸಿಕ್ಕಿತ್ತು! ಹೊಸದಾಗಿ ಕಂಡುಹಿಡೀದೇ ಇದ್ರೂ ಅಷ್ಟು ದುಡ್ಡು, ರೋಗಿಗೆ ಕೈಗೆಟುಕೋ ರೇಟಲ್ಲಿ ಕೊಡ್ಬೇಕು ಅನ್ನೋ ಷರತ್ತೂ ಇಲ್ಲ. ಈ ಥರ ಪ್ರೋತ್ಸಾಹ ನಮಗೆ ಬೇಡ.

ನಮಗೆ ಬೇಕಿರೋದು ಮುಂಗಡ ಖರೀದಿ ಗ್ಯಾರಂಟಿ. ನಮ್ಮ ಸೀಮೆ ಹಾವಿನ ವಿಷಕ್ಕೆ ಕೆಲಸ ಮಾಡೋ ಮದ್ದು ತನ್ನಿ, ಇಷ್ಟು ವಯಲ್ ಇಷ್ಟು ರೇಟಿಗೆ ಇಷ್ಟು ವರ್ಷ ತಗೋತೀವಿ ಅಂತ ಸರ್ಕಾರ ಬರ್ದು ಕೊಡ್ಲಿ, ಹೆಂಗೂ ಫ್ರೀ ಕೊಡೋಕೆ ಕೊಂಡ್ಕೊಳ್ಳೋದು ಅದೇ ತಾನೆ. ಹಾವಿನ ವಿಷಕ್ಕೆ ಅಂತ ತಯಾರಾಗ್ತಿರೋ ವ್ಯಾರೆಸ್ಪ್ಲಾಡಿಬ್ ಅನ್ನೋ ನುಂಗೋ ಔಷಧಿಗೆ ಅಮೆರಿಕದ ರಕ್ಷಣಾ ಇಲಾಖೆ ದುಡ್ಡು ಹಾಕಿದೆ, ಇಂಡಿಯಾದಲ್ಲೂ ಟ್ರಯಲ್ ಆಯ್ತು, ಒಟ್ಟಾರೆ ಸ್ಪಷ್ಟ ಗೆಲುವು ಸಿಗ್ಲಿಲ್ಲ, ಬೇಗ ತಗೊಂಡವ್ರಲ್ಲಿ ಮಾತ್ರ ಸ್ವಲ್ಪ ಆಶೆ ಕಂಡಿದೆ. ದಾರಿಲೇ ಜೀವ ಹೋಗೋ ನಮ್ಮಂಥ ಊರುಗಳಿಗೆ ಹೊಲದಲ್ಲೇ ನುಂಗೋ ಮಾತ್ರೆ ಎಷ್ಟು ದೊಡ್ಡದು ಯೋಚ್ನೆ ಮಾಡಿ, ಅದರ ಮುಂದಿನ ಟ್ರಯಲ್‌ಗೆ ನಮ್ಮ ಸರ್ಕಾರಾನೂ ದುಡ್ಡು ಹಾಕ್ಲಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಆಸ್ಪತ್ರೆಯವ್ರು ವರದಿ ಮಾಡ್ಲೇಬೇಕು, ಹಂಗಾಗಿ ಎಷ್ಟು ವಯಲ್ ಬೇಕು ಅನ್ನೋ ಲೆಕ್ಕಾನೂ ಈಗ ಸಿಗುತ್ತೆ.

ಹೋಗೋರಿಗೆ: ಬಿಗಿಯಾಗಿ ದಾರ ಕಟ್ಬೇಡಿ, ಕೊಯ್ಬೇಡಿ, ಕಚ್ಚಿದ ಕಾಲು ಅಲ್ಲಾಡಿಸ್ಬೇಡಿ, 108ಕ್ಕೆ ಫೋನ್ ಮಾಡಿ ಎಎಸ್‌ವಿ ಎಲ್ಲಿದೆ ಅಂತ ಕೇಳ್ಕೊಂಡು ಸೀದಾ ಅಲ್ಲಿಗೇ ಹೋಗಿ.